ಯಾರೋ ಒಬ್ಬ ನೀರಗಂಟಿ

ಹೊಸದುರ್ಗ
12 ಜುಲೈ 2000

ಅಪ್ಪನಿಗೆ ಅಂಜಲಿಯ ನಮಸ್ಕಾರ.

ಕೆಲಸಕ್ಕೆ ಸೇರಿ ಒಂಬತ್ತು ದಿನವಾಯಿತು. ಎಸ್‌ಟಿಡಿ ಬೂತಿನಲ್ಲಿ ಹಿಂದೆ ನಾಲ್ಕು ಜನ ನಿಂತಿದ್ದರೆ ನಿನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರೂಮು ಸಿಕ್ಕಿದೆ. ಮನೆಯ ಯಜಮಾನಿ ಬರಗೇರಮ್ಮ ಎಂಬುವರು. ಒಳ್ಳೆಯವರು. ಬೆಳಿಗ್ಗೆ ಏನು ತಿಂಡಿ ಎಂದು ಕೇಳುತ್ತಾರೆ, ಸಂಜೆ ಏನು ಅಡಿಗೆ ಎಂದು ಕೇಳುತ್ತಾರೆ.

ಪ್ರಥಮ ಪಿಯುಸಿ ಕಲಾ ವಿಭಾಗಕ್ಕೆ ಸಮಾಜಶಾಸ್ತ್ರ ಹೇಳಬೇಕು. ನಲವತ್ತೊಂದು ಮಕ್ಕಳು. ಮೊದಲ ದಿನ ಸಮಾಜಶಾಸ್ತ್ರ ಎಂದರೇನು ಎಂದು ಕೇಳಿದೆ. ಒಬ್ಬ ಎದ್ದು ನಿಂತು, "ಹೈಸ್ಕೂಲ್‌ನಾಗೆ ಓದಿದ್ವಲ್ಲ ಮೇಡಂ, ಸಮಾಜ, ಅದೇ" ಎಂದ. ಇನ್ನೊಬ್ಬಳು "ಸಮಾಜ ಸೇವೆ ಮಾಡಾದು" ಎಂದಳು. ನಗು ಬಂತು, ಆದರೆ ಎರಡನ್ನೂ ತಪ್ಪು ಎಂದು ಹೇಳುವ ಧೈರ್ಯ ಬರಲಿಲ್ಲ.

ನನಗೆ ಒಂದು ಆಸೆ. ಪುಸ್ತಕದಲ್ಲಿ ಕುಟುಂಬ, ವಿವಾಹ ಎಲ್ಲ ಮೊದಲು ಬರುತ್ತದೆ. ಅಧಿಕಾರ ಮತ್ತು ಅಸಮಾನತೆ ಕೊನೆಯ ಪಾಠ. ನಾನು ಕೊನೆಯದನ್ನೇ ಮೊದಲು ಹೇಳಬೇಕೆಂದಿದ್ದೇನೆ. ನಿನ್ನೆ ಶುರು ಮಾಡಿದೆ. "ಬೇರೆಯವರಿಗೆ ಒಪ್ಪಿಗೆ ಇಲ್ಲದಿದ್ದರೂ ತನ್ನ ಇಷ್ಟವನ್ನು ನಡೆಸಿಕೊಳ್ಳುವ ಶಕ್ತಿಯೇ ಅಧಿಕಾರ" ಎಂದು ಬರೆಸಿದೆ. ನಲವತ್ತೊಂದು ಜನರೂ ತಲೆ ತಗ್ಗಿಸಿ ಬರೆದುಕೊಂಡರು. ಆಮೇಲೆ ಇದು ಎರಡು ಮಾರ್ಕಿಗೆ ಬರುತ್ತದೋ ಐದು ಮಾರ್ಕಿಗೆ ಬರುತ್ತದೋ ಎಂದು ಕೇಳಿದರು.

ಅದಕ್ಕೆ ನಿನ್ನನ್ನು ಕೇಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ನಾಲೆಯ ತೂಬು ತೆಗೆದು ಮುಚ್ಚುವ ನೀರಗಂಟಿ ನೀನು. ಅಷ್ಟು ದೊಡ್ಡ ತೋಟದವರಿಗೂ ನೀನು ತೂಬು ಎತ್ತಿದರೇ ನೀರು. ಅಧಿಕಾರ ಎಂದರೆ ಏನು ಅಂತ ನಿನಗನ್ನಿಸುತ್ತದೆ?

ಅಮ್ಮನ ಮೊಣಕಾಲು ಹೇಗಿದೆ ಬರೆ.

ನಿನ್ನ
ಅಂಜಲಿ

*

ಮಾರಿಕಣಿವೆ
24 ಜುಲೈ 2000

ಮಗಳು ಅಂಜಲಿಗೆ ನಾಲೆ ಏರಿಯಿಂದ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ನಿಮ್ಮಮ್ಮ ಪುಟ್ಟಕ್ಕನಿಗೆ ಎರಡು ಸಲ ಓದಿ ಹೇಳಿದೆ. ಮೊಣಕಾಲು ಹಾಗೇ ಇದೆ.

ನೀನು ಕೇಳಿದ್ದಕ್ಕೆ ಏನು ಬರೆಯುವುದು ತಿಳಿಯಲಿಲ್ಲ. ನನಗೆ ಅಧಿಕಾರ ಇಲ್ಲ. ಸೆಕ್ಷನ್ ಆಫೀಸಿನಲ್ಲಿ ಸಾಹೇಬರು ಸರದಿ ಬರೆದು ಕೊಡುತ್ತಾರೆ. ಮೊದಲು ಮೇಲಿನೂರಿಗೆ, ಆಮೇಲೆ ಕೆಳಗಿನೂರಿಗೆ. ಇಷ್ಟು ಗಂಟೆಗೆ ತೆಗೆ, ಇಷ್ಟು ಗಂಟೆಗೆ ಮುಚ್ಚು. ನಾನು ತೆಗೆಯುತ್ತೇನೆ, ಮುಚ್ಚುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಹೆಚ್ಚು ಕಡಿಮೆ ಮಾಡಿಲ್ಲ. ಸರದಿ ಯಾವತ್ತು ಎಂದು ಹೇಳಲು ತೋಟದವರ ಮನೆಗೆ ಹೋಗುತ್ತೇನೆ. ಮೇಲಿನೂರಿನ ಚಿತ್ರಲಿಂಗಪ್ಪನವರು "ಏನೋ ತಿಮ್ಮ" ಎನ್ನುತ್ತಾರೆ. ಕೆಳಗಿನೂರಿನಲ್ಲಿ ನಮ್ಮವನೇ ತಿಪ್ಪಯ್ಯ "ಬಾ ಮಾವ" ಎನ್ನುತ್ತಾನೆ. ಇಬ್ಬರಿಗೂ ನೀರು ಒಂದೇ. ಇದು ನಿನ್ನ ಪಾಠಕ್ಕೆ ಆಗುತ್ತದೋ ಇಲ್ಲವೋ.

ಮನೆಯವರು ದಿನಾ ಏನು ಅಡಿಗೆ ಎಂದು ಯಾಕೆ ಕೇಳುತ್ತಾರೆ? ನೀನು ಏನು ಹೇಳುತ್ತೀ? ಹುಷಾರಾಗಿರು.

ಇಂತಿ
ಸಣ್ಣತಿಮ್ಮಪ್ಪ

*

ಹೊಸದುರ್ಗ
27 ಆಗಸ್ಟ್ 2000

ಅಪ್ಪ,

ಅಡಿಗೆಗೆ ಚಿಂತೆ ಮಾಡಬೇಡ. ಸೊಪ್ಪು, ಬೇಳೆ ಎನ್ನುತ್ತೇನೆ, ಅವರಿಗೆ ಸಮಾಧಾನ.

ಕ್ಲಾಸಿನಲ್ಲಿ ಮೊನ್ನೆ ಒಂದು ಚಮತ್ಕಾರವಾಯಿತು. ಪುಸ್ತಕ ಮುಚ್ಚಿಟ್ಟು, ಚಿಕ್ಕವಳಿದ್ದಾಗ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳಿದೆ. ಯಾವುದೆಂದು ನೀನು ಸಿಕ್ಕಾಗ ಹೇಳುತ್ತೇನೆ. ಇಡೀ ಕ್ಲಾಸು ಉಸಿರಾಡದೆ ಕೇಳಿತು. ರಮ್ಯಾ ಎಂಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಉತ್ತರ ಹೇಳಲು ನನಗೇ ಆಗಲಿಲ್ಲ. ಅವಳದೂ ನಮ್ಮ ಹಿರಿಯೂರು ಕಡೆಯ ಊರಂತೆ, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಾಳೆ.

ಗಣೇಶನ ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗುತ್ತಾರಲ್ಲ, ಒಂದು ಕೆಲಸ ಕೊಟ್ಟಿದ್ದೇನೆ. ನಿಮ್ಮ ಮನೆಗೆ ಬರುವವರಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರು ನಿಂತೇ ಇರುತ್ತಾರೆ, ಯಾರನ್ನು ಹೋಗು ಬಾ ಎನ್ನುತ್ತೀರಿ, ಯಾರನ್ನು ಬನ್ನಿ ಹೋಗಿ ಎನ್ನುತ್ತೀರಿ, ಸುಮ್ಮನೆ ನೋಡಿ ಬರೆದುಕೊಂಡು ಬನ್ನಿ ಎಂದಿದ್ದೇನೆ. ಯಾರಿಗೂ ಬುದ್ಧಿ ಹೇಳಲು ಹೋಗಬೇಡಿ ಎಂದೂ ಹೇಳಿದ್ದೇನೆ.

ಹಬ್ಬಕ್ಕೆ ಬರಲು ರಜೆ ಸಾಲದು. ದೀಪಾವಳಿಗೆ ಬರುತ್ತೇನೆ.

ಅಂಜಲಿ

*

ಮಾರಿಕಣಿವೆ
11 ಸೆಪ್ಟೆಂಬರ್ 2000

ಮಗಳು ಅಂಜಲಿಗೆ ಆಶೀರ್ವಾದ.

ಒಂದು ವಿಷಯ ನಡೆದಿದೆ. ನಿಮ್ಮಮ್ಮನಿಗೆ ಹೇಳಿದರೆ ಅವಳು ನಗುತ್ತಾಳೆ. ನೀನು ಓದಿದವಳು, ಏನೆಂದು ಹೇಳು.

ಹಬ್ಬದ ಮರುದಿನ ಸರದಿ ಹೇಳಲು ಚಿತ್ರಲಿಂಗಪ್ಪನವರ ಮನೆಗೆ ಹೋದೆ. ಅಂಗಳದಲ್ಲಿ ಎಂದಿನ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಅವರ ಮೊಮ್ಮಗಳು, ಎಲ್ಲೋ ಪಟ್ಟಣದಲ್ಲಿ ಓದುವವಳು, ನೋಟ್‌ಬುಕ್ಕು ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆಮೇಲೆ "ಅಜ್ಜ, ಇವ್ರಿಗ್ಯಾಕೆ ಕುರ್ಚಿ ಹಾಕಲ್ಲ ನೀನು?" ಎಂದಳು. ಅಲ್ಲಿ ಕಾಯಿ ಸುಲಿಯುವ ಆಳುಗಳಿದ್ದರು. ಕೆಳಗಿನೂರಿನ ಓಬಣ್ಣನೂ ಇದ್ದ. ಚಿತ್ರಲಿಂಗಪ್ಪನವರು ನಗಲಿಲ್ಲ, ಗದರಲಿಲ್ಲ. ತಾವೇ ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯ ಮೇಲಿಟ್ಟು, "ಬರ್ರಿ ತಿಮ್ಮಪ್ಪನೋರೆ, ಕುಂತ್ಕಳ್ರಿ" ಎಂದರು.

ನನ್ನ ಮೇಲೆ ಏನೋ ದೂರು ಹೋಗಿದೆ, ಅದಕ್ಕೇ ಈ ಮರ್ಯಾದೆ ಎಂದುಕೊಂಡೆ. ಬೇಡ ಸ್ವಾಮಿ ಎಂದೆ. ಹುಡುಗಿ ಬಂದು ಕೈ ಹಿಡಿದಳು. ಕೂತೆ. ಚಿತ್ರಲಿಂಗಪ್ಪನವರ ಹೆಂಡತಿ ದುರುಗಕ್ಕನವರು ಕಾಫಿ ತಂದರು. ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾನು ಏನು ತಪ್ಪು ಮಾಡಿದೆ ಎಂದು ಬರೆಯುತ್ತಿದ್ದಾಳೋ ತಿಳಿಯಲಿಲ್ಲ. ಕಾಫಿ ಕುಡಿದು ಎದ್ದು ಬಂದೆ. ಸರದಿ ಯಾವತ್ತು ಎಂದು ಹೇಳುವುದೇ ಮರೆತು ಮತ್ತೆ ಹೋಗಿ ಹೇಳಿ ಬಂದೆ.

ಇದು ಯಾಕೆ ಹೀಗಾಯಿತು?

ಸಣ್ಣತಿಮ್ಮಪ್ಪ

*

ಹೊಸದುರ್ಗ
19 ಸೆಪ್ಟೆಂಬರ್ 2000

ಅಪ್ಪ,

ನಿನ್ನ ಕಾಗದ ಬಂದ ದಿನವೇ ಮಕ್ಕಳ ನೋಟ್‌ಬುಕ್ಕುಗಳೂ ಬಂದವು. ರಮ್ಯಾಳ ನೋಟ್‌ಬುಕ್ಕು ತೆರೆದೆ. "ನಮ್ಮ ಮನೆಗೆ ಬರುವ ನೀರಗಂಟಿಯವರು ಅಂಗಳದಲ್ಲಿ ಕೂರುತ್ತಿದ್ದರು. ಈಗ ಕುರ್ಚಿಯಲ್ಲಿ ಕೂತರು" ಎಂದು ಬರೆದಿದ್ದಾಳೆ. ನಿನ್ನ ಕಾಗದ ಪಕ್ಕದಲ್ಲಿಟ್ಟು ಮತ್ತೆ ಓದಿದೆ ಅಪ್ಪ. ಅವಳು ಚಿತ್ರಲಿಂಗಪ್ಪನವರ ಮೊಮ್ಮಗಳು ಎಂದು ನನಗೆ ಗೊತ್ತೇ ಇರಲಿಲ್ಲ.

ದೂರೂ ಇಲ್ಲ, ಏನೂ ಇಲ್ಲ. ನನ್ನ ಪಾಠದಿಂದ ಆದದ್ದು ಇದು. ಐದು ವರ್ಷ ಹಾಸ್ಟೆಲ್ಲಿನಲ್ಲಿ ಓದಿದ್ದು ಇವತ್ತು ಸಾರ್ಥಕ ಅನ್ನಿಸಿತು. ಸುಮ್ಮನೆ ನೋಡಿ ಬನ್ನಿ ಎಂದಿದ್ದೆ, ಅವಳು ಕೇಳಿಯೇ ಬಿಟ್ಟಿದ್ದಾಳೆ. ಬೈಯಬೇಕಿತ್ತು, ಬೆನ್ನು ತಟ್ಟಿದೆ.

ನನ್ನದೊಂದು ಮಾತು ನಡೆಸಿಕೊಡು. ಇನ್ನು ಮುಂದೆ ಅವರ ಮನೆಗೆ ಹೋದಾಗ ಕುರ್ಚಿಯಲ್ಲೇ ಕೂರು. ಬೇಡ ಸ್ವಾಮಿ ಎನ್ನಬೇಡ. ಬೆನ್ನು ಆನಿಸಿ ಕೂರು.

ನೀನು ಯಾರೆಂದು ರಮ್ಯಾಗೆ ಇನ್ನೂ ಹೇಳಿಲ್ಲ. ಸಮಯ ನೋಡಿ ಹೇಳುತ್ತೇನೆ.

ದೀಪಾವಳಿಗೆ ಅಮ್ಮನಿಗೆ ಯಾವ ಬಣ್ಣದ ಸೀರೆ ತರಲಿ?

ಅಂಜಲಿ

*

ಮಾರಿಕಣಿವೆ
20 ಅಕ್ಟೋಬರ್ 2000

ಅಂಜಲಿಗೆ,

ದೀಪಾವಳಿಗೆ ಬರಬೇಡ. ನಿಮ್ಮಮ್ಮ ಹೊಳಲ್ಕೆರೆಗೆ ಅವಳ ತಂಗಿ ಬೊಮ್ಮಕ್ಕನ ಮನೆಗೆ ಹೋಗುತ್ತಾಳೆ. ಬಸ್ಸುಗಳೂ ತುಂಬಿರುತ್ತವೆ. ಸೀರೆ ಬೇಡ. ಇಲ್ಲಿ ಎಲ್ಲ ಚೆನ್ನಾಗಿದೆ.

ಸಣ್ಣತಿಮ್ಮಪ್ಪ

*

ಹೊಸದುರ್ಗ
6 ನವೆಂಬರ್ 2000

ಅಪ್ಪ,

ಹಬ್ಬದ ದಿನ ರೂಮಿನಲ್ಲೇ ಇದ್ದೆ. ಬರಗೇರಮ್ಮನವರು ಹೋಳಿಗೆ ಕೊಟ್ಟರು, ಊರಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದರು. ಏನು ಹೇಳಲಿ?

ಒಂದು ತಿಂಗಳ ಮೇಲೆ ನೀನು ಬರೆದದ್ದು ನಾಲ್ಕು ಸಾಲು. ಅದರಲ್ಲಿ ಆಶೀರ್ವಾದವೂ ಇರಲಿಲ್ಲ. ಬೇಸಿಗೆಯಲ್ಲಿ ಚಿತ್ರದುರ್ಗದ ಸಂಬಂಧಕ್ಕೆ ಒಲ್ಲೆ ಎಂದೆನಲ್ಲ, ಅದೇ ಕೋಪವೇ? ಆ ಹುಡುಗ ಚಂದ್ರವಳ್ಳಿ ತೋರಿಸುತ್ತೇನೆಂದು ಕರೆದುಕೊಂಡು ಹೋಗಿ, ನಮ್ಮ ಜಾತಿ ಯಾವುದೆಂದು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ ಎಂದಿದ್ದ. ಅದಕ್ಕೇ ಒಲ್ಲೆ ಎಂದದ್ದು. ಆವಾಗ ಅಮ್ಮನಿಗೂ ಹೇಳಿರಲಿಲ್ಲ.

ಕುರ್ಚಿಯಲ್ಲಿ ಕೂರುತ್ತಿದ್ದೀಯಾ? ಅದನ್ನಾದರೂ ಬರೆ.

ಅಂಜಲಿ

*

ಹೊಸದುರ್ಗ
28 ನವೆಂಬರ್ 2000

ಅಪ್ಪ,

ನಿನ್ನಿಂದ ಉತ್ತರವಿಲ್ಲ. ನಿನ್ನೆ ರಮ್ಯಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. "ಮೇಡಂ, ಊರಿಗೆ ಹೋಗಿದ್ದೆ. ಆ ನೀರಗಂಟಿ ಈಗ ಬರಲ್ಲಂತೆ. ಬ್ಯಾರೆಯವ್ರು ಬರ್ತಾರೆ. ಅವ್ರ ಮೇಲೆ ಅರ್ಜಿ ಬಿದ್ದೈತಂತೆ. ಅಜ್ಜನ್ನ ಕೇಳಿದ್ರೆ, ನಿಂಗ್ಯಾಕೆ, ಓದ್ಕ ಹೋಗು ಅಂದ" ಎಂದಳು. ಯಾವಾಗಿನಿಂದ ಎಂದು ಎರಡು ಸಲ ಕೇಳಿದೆ. "ನಿಮ್ಗೆ ಅವ್ರು ಗೊತ್ತಾ ಮೇಡಂ?" ಎಂದಳು. "ಕಂಡಿದ್ದೇನೆ" ಎಂದೆ.

ಆ ಮಾತು ಆಡಿ ಮನೆಗೆ ಬಂದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ. ಆಗಸ್ಟಿನಲ್ಲಿ ಕ್ಲಾಸಿನಲ್ಲಿ ಹೇಳಿದ್ದು ನಿನ್ನ ಸಂಗತಿ. ನಾನು ಎಂಟು ವರ್ಷದವಳಿದ್ದಾಗ ನಿನ್ನ ಸೈಕಲ್ ಹಿಂದೆ ಕೂತು ಮೇಲಿನೂರಿಗೆ ಬಂದಿದ್ದೆ. ಚಿತ್ರಲಿಂಗಪ್ಪನವರು ಜಗಲಿಯ ಮೇಲೆ, ನೀನು ಕೆಳಗೆ ಮಣ್ಣಿನಲ್ಲಿ. ತೂಬಿನ ಕೀಲಿಕೈ ನಿನ್ನ ಮಡಿಲಲ್ಲಿ. ಅವರು ನೀರು ಕೇಳುತ್ತಿದ್ದರು, ಆದರೆ ಕೈ ಮುಗಿಯುತ್ತಿದ್ದವನು ನೀನು. ಇದನ್ನೇ ಹೇಳಿದೆ. ಆವಾಗ ರಮ್ಯಾ ಕೇಳಿದ್ದು, "ಕೀಲಿ ಅವ್ರ ಕೈಯಾಗಿದ್ರೂ ಅವ್ರೇ ಯಾಕೆ ನೆಲದ ಮೇಲೆ ಕುಂತ್ಕಂತಾರೆ?" ಎಂದು.

ಆದರೆ ನಾನು ನಮ್ಮಪ್ಪ ಎಂದು ಹೇಳಲಿಲ್ಲ. "ಯಾರೋ ಒಬ್ಬ ನೀರಗಂಟಿ" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟು ಯೋಚಿಸಿದರೂ ಒಂದೊಂದು ದಿನ ಒಂದೊಂದು ಕಾರಣ ಕಾಣುತ್ತದೆ. ಸೇರಿದ ದಿನ ಪ್ರಾಂಶುಪಾಲರು ನಿಮ್ಮ ತಂದೆ ಏನು ಮಾಡುತ್ತಾರೆ ಎಂದಾಗ ನೀರಾವರಿಯಲ್ಲಿ ಸರ್ಕಾರಿ ನೌಕರಿ ಎಂದಿದ್ದೆ. ಅದು ಸುಳ್ಳಲ್ಲ. ಬರಗೇರಮ್ಮನವರು ನೀವು ಯಾವ ಪೈಕಿ ಎಂದಾಗ, ಹಿರಿಯೂರು ಕಡೆಯವರು ಎಂದೆ. ಅದೂ ಸುಳ್ಳಲ್ಲ. ಚಿತ್ರದುರ್ಗದ ಹುಡುಗನನ್ನು ಯಾವ ಕಾರಣಕ್ಕೆ ಬೇಡ ಎಂದೆನೋ ಅದನ್ನೇ ನಾನೂ ಮಾಡುತ್ತಿದ್ದೇನೆ. ಅಸಮಾನತೆಯ ಪಾಠವನ್ನು ಬಾಯಿತುಂಬ ಹೇಳುತ್ತೇನೆ, ಸಂಜೆ ಮನೆಗೆ ಬಂದು ಸೊಪ್ಪು, ಬೇಳೆ ಎನ್ನುತ್ತೇನೆ.

ಅರ್ಜಿ ಯಾರು ಕೊಟ್ಟರು? ಚಿತ್ರಲಿಂಗಪ್ಪನವರೇ? ಏನಾಯಿತು ಅಪ್ಪ?

ಅಂಜಲಿ

*

ಮಾರಿಕಣಿವೆ
9 ಡಿಸೆಂಬರ್ 2000

ಮಗಳು ಅಂಜಲಿಗೆ ಅಪ್ಪನ ಆಶೀರ್ವಾದ.

ಈ ಸಲ ಎಲ್ಲ ಬರೆಯುತ್ತೇನೆ. ಮೂರು ದಿನದಿಂದ ಬರೆದು ಹರಿದು ಹಾಕಿದ್ದೇನೆ.

ಕೋಪ ಇಲ್ಲ. ಚಿತ್ರದುರ್ಗದ ಹುಡುಗನ ವಿಷಯ ಈಗ ತಿಳಿಯಿತು, ಒಲ್ಲೆ ಎಂದದ್ದು ಸರಿ.

ಸೆಪ್ಟೆಂಬರ್ 28ಕ್ಕೆ ಮೇಲಿನೂರಿಗೆ ಹೋದೆ. ಮೊಮ್ಮಗಳು ಇರಲಿಲ್ಲ. ಆದರೂ ಕುರ್ಚಿ ಜಗಲಿಯ ಮೇಲೆ ತಯಾರಿತ್ತು. ನಿನ್ನ ಕಾಗದ ಅಂಗಿ ಜೇಬಿನಲ್ಲಿತ್ತು. ಬೆನ್ನು ಆನಿಸಿ ಕೂರು ಎಂದಿದ್ದೀಯಲ್ಲ, ಹಾಗೇ ಕೂತೆ. ಚಿತ್ರಲಿಂಗಪ್ಪನವರು ಎದುರಿಗೆ ಕೂತು, "ತಿಮ್ಮಪ್ಪನೋರೆ, ನಿಮ್ಮ ಮಗಳು ಓದಿದಾಳಲ್ಲ, ಎಲ್ಲಿ ಕೆಲಸ ಈಗ? ನಮ್ಮ ರಮ್ಯಂಗೆ ಹೊಸದುರ್ಗದಾಗೆ ಒಬ್ರು ಮೇಡಮ್ಮು, ಯಾರೋ ನೀರಗಂಟಿ ಕಥೆ ಹೇಳಿದ್ರಂತೆ. ಅವಳೇ ಏನು?" ಎಂದರು.

ನಾನು ಯಾರೆಂದು ಆ ಹುಡುಗಿಗೆ ಹೇಳಿಲ್ಲ ಎಂದು ನೀನು ಬರೆದಿದ್ದೆ. ಹೇಳದೇ ಇರಲು ನಿನಗೆ ಏನೋ ಕಾರಣವಿರುತ್ತದೆ, ನನ್ನ ಬಾಯಿಂದ ಹೊರಗೆ ಬಂದು ನಿನ್ನ ಕೆಲಸಕ್ಕೆ ತೊಂದರೆ ಆಗಬಾರದು ಎಂದುಕೊಂಡೆ. "ಅಲ್ಲ ಸ್ವಾಮಿ. ನನ್ನ ಮಗಳು ದಾವಣಗೆರೆಯಾಗವ್ಳೆ" ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ, "ಹಂಗಾ. ಒಳ್ಳೇದು. ನಾಳೆ ಬೆಳಿಗ್ಗೆ ಆರಕ್ಕೆ ತೂಬು ಮುಚ್ತೀರಲ್ಲ, ಒಂದು ನಾಕು ಗಂಟೆ ತಡ ಮಾಡ್ರಿ. ಹೊಸ ಗಿಡ ಹಾಕೀನಿ" ಎಂದರು.

ಇದುವರೆಗೆ ಅವರು ಹಾಗೆ ಕೇಳಿರಲಿಲ್ಲ ಎಂದಲ್ಲ. ಎಷ್ಟೋ ಸಲ ಕೇಳಿದ್ದಾರೆ. "ಲೇ ತಿಮ್ಮ, ಬಿಡೋ ಇನ್ನೊಂದೀಟು" ಎಂದು ಗದರಿದ್ದಾರೆ. ನಾನು ಅಂಗಳದಿಂದಲೇ ಕೈ ಮುಗಿದು, ಸಾಹೇಬರ ಆರ್ಡರ್ ಸ್ವಾಮಿ, ಎಂದು ಎದ್ದು ಬಂದು ತೂಬು ಮುಚ್ಚುತ್ತಿದ್ದೆ. ಈ ಸಲ ಕುರ್ಚಿಯಲ್ಲಿದ್ದೆ, ಕಾಫಿ ಲೋಟ ಕೈಯಲ್ಲಿತ್ತು, ಆಗ ತಾನೇ ಒಂದು ಸುಳ್ಳು ಹೇಳಿದ್ದೆ. ರೀ ಹಚ್ಚಿ ಕೇಳಿದವರಿಗೆ ಇಲ್ಲ ಎಂದು ಹೇಗೆ ಹೇಳಬೇಕು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಮುಚ್ಚಿದೆ.

ಕೆಳಗಿನೂರಿಗೆ ನೀರು ಮುಟ್ಟುವಷ್ಟರಲ್ಲಿ ಸಂಜೆಯಾಗಿ ಅಣೆಕಟ್ಟೆಯಲ್ಲೇ ನಾಲೆಯ ನೀರು ನಿಲ್ಲಿಸಿದರು. ಕೊನೆಯ ಏಳು ಹೊಲಕ್ಕೆ ನೀರು ಹೋಗಲಿಲ್ಲ. ತಿಪ್ಪಯ್ಯನ ಈರುಳ್ಳಿ ಸಸಿ ಬಾಡಿತು. ನಾನು ಜಗಲಿಯ ಮೇಲೆ ಕೂತು ಕಾಫಿ ಕುಡಿದದ್ದನ್ನು ಓಬಣ್ಣ ಹಬ್ಬದಲ್ಲೇ ಕಂಡಿದ್ದನಲ್ಲ, ಎಲ್ಲರಿಗೂ ಹೇಳಿದ್ದ. ತಿಪ್ಪಯ್ಯ ಅರ್ಜಿ ಬರೆಸಿದ. ಏಳು ಜನ ಸಹಿ ಹಾಕಿದರು. ಏಳೂ ಜನ ನಮ್ಮವರೇ. "ಮಾವ, ಕುರ್ಚಿ ಕೊಟ್ಟಿದ್ದಕ್ಕೆ ನಮ್ಮ ನೀರು ಮಾರಿದ್ಯಾ?" ಎಂದು ದಾರಿಯಲ್ಲಿ ಕೇಳಿದ. ಸೈಕಲ್ ತಳ್ಳಿಕೊಂಡು ಮುಂದೆ ಹೋದೆ. ಸಾಹೇಬರು ಕೇಳಿದಾಗ ತಡ ಮಾಡಿದ್ದು ನಿಜ ಎಂದು ಬರೆದುಕೊಟ್ಟೆ. ತೂಬಿನ ಕೆಲಸ ತೆಗೆದು ಅಣೆಕಟ್ಟೆಯ ಕೆಳಗಿನ ಕೈತೋಟದ ಕಾವಲಿಗೆ ಹಾಕಿದ್ದಾರೆ. ಕೆಲಸ ಹೋಗಿಲ್ಲ, ಅದಕ್ಕೆ ಚಿಂತೆ ಬೇಡ. ಗಿಡಕ್ಕೆ ನೀರು ಹಾಕುತ್ತೇನೆ, ನೋಡಲು ಬರುವವರು ಹೂವು ಕೀಳದಂತೆ ಕಾಯುತ್ತೇನೆ.

ದೀಪಾವಳಿಗೆ ಬರಬೇಡ ಎಂದದ್ದು ಇದಕ್ಕೇ. ಹೊಸದುರ್ಗದ ಬಸ್ಸು ಮೇಲಿನೂರು ಗೇಟಿನಲ್ಲಿ, ಚಿತ್ರಲಿಂಗಪ್ಪನವರ ತೆಂಗಿನಕಾಯಿ ಮಂಡಿಯ ಎದುರಿಗೇ ನಿಲ್ಲುತ್ತದೆ. ನೀನು ಇಳಿದರೆ ದಾವಣಗೆರೆ ಎಂದದ್ದು ಸುಳ್ಳು ಎಂದು ಗೊತ್ತಾಗುತ್ತಿತ್ತು. ನಿಮ್ಮಮ್ಮ ಹೊಳಲ್ಕೆರೆಗೆ ಹೋಗಿರಲಿಲ್ಲ. ಇಲ್ಲೇ ಇದ್ದಳು, ಅಳುತ್ತಿದ್ದಳು.

ಇನ್ನು ನೀನು ಕ್ಲಾಸಿನಲ್ಲಿ ಹೇಳಿದ ಸಂಗತಿ. ನೀನು ಕಂಡದ್ದು ನಿಜ. ಆ ಕಾಲದಲ್ಲಿ ಕೂರು ಎನ್ನುವವರು ಇರಲಿಲ್ಲ. ಕಾಲು ಸೋತರೆ ಮಣ್ಣಿನಲ್ಲಿ ಕೂರುತ್ತಿದ್ದೆ. ಆದರೆ ಹತ್ತು ವರ್ಷದ ಹಿಂದೆ ಒಂದು ಸಲ ದುರುಗಕ್ಕನವರು ಜಗಲಿ ಮೇಲಾದರೂ ಕೂತ್ಕ ಎಂದಿದ್ದರು. ನಾನೇ ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಹಿಂದೆ ಮಾತು ಬರುತ್ತದೆ ಎಂದು ಗೊತ್ತಿತ್ತು. ಹಾಗಾದರೆ ನಾನು ನೆಲದ ಮೇಲೆ ಕೂತದ್ದು ಅವರು ಕೂರಿಸಿದ್ದಕ್ಕೋ, ನಾನೇ ಬೇಕೆಂದೋ? ನನಗೇ ಗೊಂದಲವಾಗಿದೆ. ಆ ಹುಡುಗಿಗೆ ಏನು ಉತ್ತರ ಹೇಳುತ್ತೀಯೋ ನನಗೂ ಬರೆ.

ಯಾರೋ ಒಬ್ಬ ನೀರಗಂಟಿ ಎಂದದ್ದಕ್ಕೆ ಬೇಜಾರಿಲ್ಲ. ಸ್ವಲ್ಪ ಇದೆ. ಹೋಗುತ್ತದೆ.

ಸಣ್ಣತಿಮ್ಮಪ್ಪ

*

ಹೊಸದುರ್ಗ
5 ಜನವರಿ 2001

ಅಪ್ಪ,

ನಿನ್ನ ಕಾಗದ ಓದಿ ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಜ್ವರ ಎಂದು ರಜೆಚೀಟಿ ಕಳಿಸಿದೆ. ಮೂರನೆಯ ದಿನ ಹೋಗಿ, ಹಾಜರಿ ಕೂಗಿ, ಮೇಜಿನ ಹಿಂದೆ ನಿಂತುಕೊಂಡು, "ಆಗಸ್ಟಿನಲ್ಲಿ ಹೇಳಿದ ನೀರಗಂಟಿ ನಮ್ಮ ತಂದೆ" ಎಂದೆ. ಮುಂದೆ ಏನಾಯಿತು ಎಂದೂ ಹೇಳಿದೆ. ಕುರ್ಚಿ, ಕಾಫಿ, ನಾಲ್ಕು ಗಂಟೆ, ಏಳು ಹೊಲ. ಯಾರ ಊರು, ಯಾರ ಮನೆ ಎಂದು ಹೇಳಲಿಲ್ಲ. ರಮ್ಯಾ ಎದುರಿಗೇ ಇದ್ದಳು. ನೀನು ಕೇಳಿದ ಪ್ರಶ್ನೆಯನ್ನೂ ಅವರ ಮುಂದಿಟ್ಟೆ. "ಇದಕ್ಕೆ ಪುಸ್ತಕದಲ್ಲಿ ಉತ್ತರ ಹುಡುಕಿದೆ. ಅರ್ಧ ಸಿಕ್ಕಿದೆ, ಅರ್ಧ ಸಿಕ್ಕಿಲ್ಲ" ಎಂದೆ. ಈ ಸಲ ಮಾರ್ಕು ಯಾರೂ ಕೇಳಲಿಲ್ಲ.

ಒಬ್ಬ ಹುಡುಗ ಎದ್ದು, "ಹಂಗಾರೆ ಕುರ್ಚಿ ಕೊಡಬಾರದಿತ್ತಾ ಮೇಡಂ?" ಎಂದ. ಕೊಡಬೇಕಿತ್ತು ಎಂದೆ. "ಮತ್ತೆ ಸರ್ ಕುಂತ್ಕಬಾರದಿತ್ತಾ?" ನಿನ್ನನ್ನು ಸರ್ ಎಂದ ಅಪ್ಪ. ಕೂರಬೇಕಿತ್ತು ಎಂದೆ. "ಮತ್ತೆ ತಪ್ಪು ಎಲ್ಲಾತು?" ಎಂದ. ಬೆಲ್ ಹೊಡೆಯಿತು.

ರಮ್ಯಾ ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ನೋಟ್‌ಬುಕ್ಕಿನ ಹಾಳೆ ಹರಿದು ಕೈಗೆ ಕೊಟ್ಟು ಹೋದಳು. "ನಾನು ಕೇಳಿದ್ದರಿಂದ ನಿಮ್ಮ ತಂದೆಗೆ ಹೀಗಾಯಿತು. ನಾನು ಇನ್ನು ಏನೂ ಕೇಳಬಾರದಾ?" ಎಂದು ಬರೆದಿದ್ದಾಳೆ. ಅವಳನ್ನು ಹುಡುಕಿಕೊಂಡು ಹೋಗಿ, ನೀನು ಕೇಳುತ್ತಲೇ ಇರಬೇಕು ಎಂದೆ. ಹೇಳುವಾಗ ನನ್ನ ಧ್ವನಿ ನನಗೇ ನಂಬಿಕೆ ಹುಟ್ಟಿಸಲಿಲ್ಲ.

ನಾವು ಯಾವ ಪೈಕಿ ಎಂದು ಬರಗೇರಮ್ಮನವರಿಗೂ ಹೇಳಿದೆ. ಮೂರು ದಿನ ಬಿಟ್ಟು, ಮಗ ಸೊಸೆ ಬರುತ್ತಾರೆ, ಮಾರ್ಚಿಗೆ ರೂಮು ಬೇಕಾಗುತ್ತದೆ ಎಂದರು. ಮಗ ಸೊಸೆ ನಿಜವಾಗಿ ಬರುತ್ತಾರೋ ಏನೋ. ನಿನ್ನೆ ಎಂದಿನಂತೆ ಏನು ಅಡಿಗೆ ಎಂದು ಕೇಳಿದರು, ಒಣಮೀನು ಸಾರು ಎಂದೆ. "ನಮ್ಮ ಯಜಮಾನರಿಗೂ ಅದು ಬಲು ಇಷ್ಟ ಇತ್ತು" ಎಂದು ಒಳಗೆ ಹೋದರು. ಇದನ್ನು ಹೇಗೆ ತಿಳಿದುಕೊಳ್ಳಬೇಕು ಹೇಳು.

ಸಂಕ್ರಾಂತಿಗೆ ಬರುತ್ತೇನೆ. ಬೇಡ ಎನ್ನಬೇಡ. ಶನಿವಾರ ಹದಿಮೂರನೆಯ ತಾರೀಕು, ಹನ್ನೊಂದು ಗಂಟೆಯ ಬಸ್ಸು. ಮೇಲಿನೂರು ಗೇಟಿನಲ್ಲೇ ಇಳಿಯುತ್ತೇನೆ. ಸೈಕಲ್ ತೆಗೆದುಕೊಂಡು ಬಾ.

ಅಂಜಲಿ

*

ಮಾರಿಕಣಿವೆ
22 ಜನವರಿ 2001

ಮಗಳು ಅಂಜಲಿಗೆ ಅಪ್ಪನ ಆಶೀರ್ವಾದ.

ನೀನು ಬಂದು ಹೋದ ಮೇಲೆ ನಿಮ್ಮಮ್ಮ ಗೆಲುವಾಗಿದ್ದಾಳೆ. ಹೊಸ ಸೀರೆಯನ್ನು ಉಡುವುದಿಲ್ಲ, ತೆಗೆದು ನೋಡಿ ಮತ್ತೆ ಇಡುತ್ತಾಳೆ.

ನೀನು ಇಲ್ಲಿದ್ದ ಮೂರು ದಿನವೂ ಒಂದು ಮಾತು ಹೇಳಬೇಕೆಂದಿದ್ದೆ, ಎದುರಿಗೆ ಆಗಲಿಲ್ಲ. ಶನಿವಾರ ಗೇಟಿಗೆ ತಡವಾಗಿ ಬಂದೆ, ಸೈಕಲ್ ಚೈನು ಕಳಚಿತ್ತು ಎಂದೆನಲ್ಲ. ಕಳಚಿರಲಿಲ್ಲ. ಹತ್ತೂವರೆಗೇ ಬಂದು ರಸ್ತೆಯ ಆಚೆ, ಕಾಯಿ ತುಂಬುತ್ತಿದ್ದ ಲಾರಿಯ ಹಿಂದೆ ನಿಂತಿದ್ದೆ. ನೀನು ಇಳಿದದ್ದು ಕಂಡೆ. ಚಿತ್ರಲಿಂಗಪ್ಪನವರು ಮಂಡಿ ಬಾಗಿಲಿಂದ, "ಯಾರ ಪೈಕಿ ತಾಯಿ?" ಎಂದದ್ದು ಕೇಳಿಸಿತು. "ನೀರಗಂಟಿ ಸಣ್ಣತಿಮ್ಮಪ್ಪನ ಮಗಳು. ಹೊಸದುರ್ಗದಾಗೆ ನಿಮ್ಮ ರಮ್ಯಂಗೆ ಪಾಠ ಹೇಳಾಳು ನಾನೇ" ಎಂದು ನೀನು ಹೇಳಿದ್ದೂ ಕೇಳಿಸಿತು. ಹಾಗೆ ಹೇಳಿ ನೀನು ಅತ್ತ ಇತ್ತ ನನ್ನನ್ನು ಹುಡುಕಿದೆ. ನನ್ನ ಕಾಲು ಮುಂದೆ ಬರಲಿಲ್ಲ ಮಗಳೇ. ಲಾರಿ ಹೊರಟು ಹೋಗಿದ್ದರೆ ನಾನು ಎಲ್ಲಿ ನಿಲ್ಲುತ್ತಿದ್ದೆನೋ. ಯಾಕೆ ಹಾಗೆ ನಿಂತೆ ಎಂದು ಈಗಲೂ ತಿಳಿದಿಲ್ಲ. ಅವರಿಗೆ ಹೆದರಿ ಅಲ್ಲ. ನೀನು ಅಷ್ಟು ಗಟ್ಟಿಯಾಗಿ ನನ್ನ ಹೆಸರು ಹೇಳಿದ್ದಕ್ಕೆ ಹೆದರಿದೆ ಎಂದು ಕಾಣುತ್ತದೆ.

ನೀನು ಹೋದ ಮಾರನೆಯ ದಿನ ನಾನೇ ಮೇಲಿನೂರಿಗೆ ಹೋದೆ. ಈಗ ನೀರಿನ ಕೆಲಸ ಇಲ್ಲ, ಸುಮ್ಮನೆ ಹೋದೆ. ಅಂಗಳದಲ್ಲಿ ಕೂರಲಿಲ್ಲ, ಜಗಲಿಯ ಮೇಲೂ ಕೂರಲಿಲ್ಲ. ನಿಂತೇ ಹೇಳಿದೆ. "ಶನಿವಾರ ಬಸ್ಸಿಂದ ಇಳಿದೋಳು ನನ್ನ ಮಗಳು. ದಾವಣಗೆರೆ ಅಂದಿದ್ದು ಸುಳ್ಳು."

ಚಿತ್ರಲಿಂಗಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲ. "ಗೊತ್ತೈತೆ ಬಿಡೋ. ಕೆಲಸ ಸಿಕ್ಕಿದ ವಾರಾನೇ ನೀನು ದುರುಗಿಗೆ ಹೇಳಿ ಹೋಗಿರಲಿಲ್ವಾ, ಹೊಸದುರ್ಗ ಅಂತ" ಎಂದರು.

ಹೌದು, ಖುಷಿಯಲ್ಲಿ ದುರುಗಕ್ಕನವರಿಗೆ ಹೇಳಿದ್ದೆ. ಮರೆತೇ ಹೋಗಿತ್ತು. "ಗೊತ್ತಿದ್ರೆ ಮತ್ಯಾಕೆ ಕೇಳಿದ್ರಿ ಅವತ್ತು?" ಎಂದೆ.

"ನೀನು ಏನಂತೀಯ ನೋಡಾಣ ಅಂತ" ಎಂದರು.

ಅಷ್ಟೇ. ಪುಟ ತಿರುವಿದರು. ನಾನು ಹಿಂದಕ್ಕೆ ಬಂದೆ. ಬರುವಾಗ ಕೆಳಗಿನೂರಿನ ದಾರಿ ಹಿಡಿದು ತಿಪ್ಪಯ್ಯನ ಹೊಲಕ್ಕೆ ಹೋದೆ. ಏನೇನಾಯಿತೋ ಎಲ್ಲ ಮೊದಲಿಂದ ಹೇಳಿದೆ. ಅವನು ಸಲಿಕೆ ಊರಿಕೊಂಡು ಕೇಳಿದ. "ಮಾವ, ನೀನು ಕೆಟ್ಟೋನು ಅಂತ ಅರ್ಜಿ ಕೊಟ್ಟಿದ್ದೆ. ಈಗ ಇದನ್ನ ಕೇಳಿ ನಾನೇನು ಮಾಡ್ಲಿ?" ಎಂದ. ಅವನಿಗೆ ಸಿಟ್ಟು ಬಂದಿತ್ತೋ ಅಳು ಬಂದಿತ್ತೋ ನನಗೆ ಗೊತ್ತಾಗಲಿಲ್ಲ. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟ. ಬದುವಿನ ಮೇಲೆ ಕೂತು ಇಬ್ಬರೂ ತಿಂದೆವು.

ಹೇಳಿ ಬಂದ ಮೇಲೆ ಹಗುರಾಗಬೇಕಿತ್ತು, ಆಗಲಿಲ್ಲ. ಆದರೂ ಹೇಳಿದ್ದೇನೆ.

ಯುಗಾದಿಗೆ ಯಾವ ಬಸ್ಸಿಗೆ ಬರುತ್ತೀ ಎಂದು ಮುಂಚೆಯೇ ಬರೆ. ಬಸ್ಸಿನ ಬಾಗಿಲಿಗೇ ಬಂದು ನಿಂತಿರುತ್ತೇನೆ.

ನಿನ್ನ ಅಪ್ಪ
ಸಣ್ಣತಿಮ್ಮಪ್ಪ